ಅತ್ತೆ ಬೇಡವೆಂದ ಸೀಸೆ

ನಮ್ಮಪ್ಪ ಯಾವುದಾದರೂ ಹಳ್ಳಿಗೆ ಕಾಲಿಟ್ಟರೆ ಆ ಹಳ್ಳಿಯ ಮಕ್ಕಳೆಲ್ಲ ಮಾಯವಾಗುತ್ತಿದ್ದರು. ಅವರು ನಂಜನಗೂಡು ತಾಲ್ಲೂಕಿನಲ್ಲಿ ಮೈಲಿ ಹಾಕುವ ಕೆಲಸದಲ್ಲಿದ್ದರು. ಸಿಡುಬಿಗೆ ನಮ್ಮ ಕಡೆ ಮೈಲಿ ಎನ್ನುತ್ತಾರೆ. ಅದು ಬಾರದಿರಲೆಂದು ಮಕ್ಕಳ ತೋಳಿನ ಮೇಲೆ ಸಣ್ಣ ಚೂರಿಯಿಂದ ಗೀರಿ ಸರ್ಕಾರದ ಔಷಧ ಹಚ್ಚುವುದು ಅವರ ನೌಕರಿ. ದೇವನೂರಿನ ಕಡೆ ಒಂದು ಮನೆಯಲ್ಲಿ ರಾಗಿ ತುಂಬುವ ವಾಡೆಯೊಳಗೆ ಮಗುವನ್ನು ಕೂರಿಸಿ ಮೇಲೆ ಮೊರ ಮುಚ್ಚಿದ್ದರಂತೆ. ಅಪ್ಪ ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದಾಗ ವಾಡೆ ಸೀನಿತಂತೆ. ಈ ಕಥೆ ಕೇಳಿ ನಾನೂ ಅವ್ವನೂ ನಗುತ್ತಿದ್ದೆವು. ಅಪ್ಪ ಮಾತ್ರ ನಗುತ್ತಿರಲಿಲ್ಲ. "ನಾನು ಯಾರು, ನನ್ನ ಡಬ್ಬಿಯಲ್ಲಿ ಏನಿದೆ ಅಂತ ಅವರಿಗೇನು ಗೊತ್ತು? ನನಗೇ ಪೂರ್ತಿ ಗೊತ್ತಿಲ್ಲ" ಎನ್ನುತ್ತಿದ್ದರು.

ಅವರೂ ಸುಲಭಕ್ಕೆ ಯಾರನ್ನೂ ನಂಬುವವರಲ್ಲ. ಹಾಲಿನವಳು ಚೊಂಬಿಗೆ ಸುರಿದ ಹಾಲನ್ನು ಮೂಸಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಹೊಳೆಯಿಂದ ತಂದ ನೀರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನನ್ನನ್ನು ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದ್ದೂ ಅದೇ ಸ್ವಭಾವದಿಂದ ಎಂದು ನನಗೀಗ ಅನ್ನಿಸುತ್ತದೆ. ಬೇರೆಯವರು ಓದಿ ಹೇಳಿದ್ದನ್ನು ಮಗಳು ನಂಬಿಕೊಂಡು ಬದುಕುವುದು ಅವರಿಗೆ ಬೇಕಿರಲಿಲ್ಲ.

ನನ್ನನ್ನು ಕೊಟ್ಟಿದ್ದು ತಿರುಮಕೂಡಲು ನರಸೀಪುರದಿಂದ ಮೂಗೂರಿನ ಕಡೆಗೆ ಹೋಗುವ ದಾರಿಯಲ್ಲಿನ ಒಂದು ಹಳ್ಳಿಗೆ. ಮಾವ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಅವರ ಒಬ್ಬನೇ ಮಗ, ಎರಡು ಜೊತೆ ಎತ್ತು. ಹೆಣ್ಣು ನೋಡಲು ಬಂದಾಗ ನಮ್ಮ ಕಡೆಯವರು ಅಪ್ಪನಿಗೆ ಸರ್ಕಾರಿ ನೌಕರಿ ಎಂದಷ್ಟೇ ಹೇಳಿದ್ದರು. ಅತ್ತೆ ಶಾನುಭೋಗಿಕೆಯಂಥದ್ದೇನೋ ಎಂದುಕೊಂಡಿದ್ದರು. ಮದುವೆಯಾಗಿ ಆರು ತಿಂಗಳಿಗೆ ನಂಜನಗೂಡಿನ ಕಡೆಯ ಬಳೆಗಾರನೊಬ್ಬ ನನ್ನ ಕೈಗೆ ಬಳೆ ತೊಡಿಸುತ್ತಾ, ಓಹೋ ಇದು ಮೈಲಿ ಚುಚ್ಚುವವರ ಮಗಳಲ್ಲವೇ ಎಂದುಬಿಟ್ಟ. ಅಂದಿನಿಂದ ನಾನು ಸಾರಿಗೆ ಉಪ್ಪು ಹಾಕುವಾಗಲೂ ಅವರ ಕಣ್ಣು ನನ್ನ ಕೈಮೇಲೆ ಇರುತ್ತಿತ್ತು. ಕುಡಿಯುವ ನೀರಿನ ಗಡಿಗೆಯನ್ನು ತಾವೇ ಮುಚ್ಚಿ ತಾವೇ ತೆಗೆಯತೊಡಗಿದರು. ಮೂರು ವರ್ಷವಾದರೂ ನನಗೆ ಮಕ್ಕಳಾಗದಿದ್ದಾಗ ಅದಕ್ಕೂ ಅಪ್ಪನ ಚೂರಿಯೇ ಕಾರಣವೆಂಬ ಮಾತು ನೀರು ಸೇದುವ ಬಾವಿಯ ಹತ್ತಿರ ಹುಟ್ಟಿ ನನ್ನ ಕಿವಿಗೂ ಬಿತ್ತು.

ಆ ಸಲ ಪ್ಲೇಗು ಮೈಸೂರಿಗೆ ಬಂದದ್ದು ಎರಡನೆಯ ಬಾರಿಯೋ ಮೂರನೆಯ ಬಾರಿಯೋ ನೆನಪಿಲ್ಲ. ಊರು ಬಿಟ್ಟವರು ರೈಲಿನಲ್ಲಿ ನಂಜನಗೂಡಿಗೆ ಬರುತ್ತಿದ್ದರು. ಸ್ಟೇಷನ್ನಿನಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ ಬಗಲು, ತೊಡೆಸಂದು ಮುಟ್ಟಿ ಪ್ಲೇಗಿನ ಗೆಡ್ಡೆ ಎದ್ದಿದೆಯೇ ಎಂದು ನೋಡುತ್ತಾರೆಂಬ ಸುದ್ದಿ ಹಬ್ಬಿ, ಹೆಂಗಸರನ್ನು ಕರೆದುಕೊಂಡು ಬರುವವರು ಹಿಂದಿನ ಸ್ಟೇಷನ್ನಿನಲ್ಲೇ ಇಳಿದು ಹೊಲದ ಬದುಗಳ ಮೇಲೆ ನಡೆದು ಬರುತ್ತಿದ್ದರಂತೆ. ಮೈಲಿ ಹಾಕುತ್ತಿದ್ದ ಅಪ್ಪನನ್ನು ಪ್ಲೇಗಿನ ಸೂಜಿ ಹಾಕುವ ಕೆಲಸಕ್ಕೆ ಬದಲಾಯಿಸಿದರು. ನಂಜನಗೂಡು ಸಾಲದೆಂದು ನರಸೀಪುರದ ಹಳ್ಳಿಗಳನ್ನೂ ಅವರಿಗೇ ಕೊಟ್ಟರು. ಬನ್ನೂರಿನ ಸಂತೆಗೆ ಹೋಗಿ ಬಂದ ಗಂಡಸರು ತರುತ್ತಿದ್ದ ಮಾತುಗಳೇ ಬೇರೆ. ಸೂಜಿ ಚುಚ್ಚಿದರೆ ಗಂಡಸಿಗೆ ಮಕ್ಕಳಾಗುವುದಿಲ್ಲ. ಉತ್ತರದ ಯಾವುದೋ ಊರಿನಲ್ಲಿ ಚುಚ್ಚಿಸಿಕೊಂಡವರು ದವಡೆ ಕಚ್ಚಿಕೊಂಡು ಸತ್ತರು. ಜನ ಹೆಚ್ಚಾದರೆಂದು ಸರ್ಕಾರವೇ ಇದನ್ನು ಮಾಡಿಸುತ್ತಿದೆ. ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ ನನಗೆ ಹೇಳಿ, ನಿಮ್ಮಪ್ಪ ಬಂದರೆ ನನ್ನ ತೋಳಿನ ಸುದ್ದಿಗೆ ಬರುವುದು ಬೇಡ ಎಂದರು.

ಕಾರ್ತಿಕದಲ್ಲಿ ಅಪ್ಪ ನನ್ನನ್ನು ನೋಡಲು ಬಂದು ಒಂದು ಹಗಲು ಇದ್ದು ಹೋದರು. ಅವರ ಪೆಟ್ಟಿಗೆಯನ್ನು ಅತ್ತೆ ಒಳಗೆ ತರಗೊಡಲಿಲ್ಲ. ಅದು ಕೊಟ್ಟಿಗೆಯ ಗೋಡೆಗೆ ಒರಗಿಕೊಂಡೇ ಇತ್ತು. ಹೊರಡುವಾಗ ಅಪ್ಪ ನನ್ನ ಕೈಗೆ ನಾಲ್ಕು ಅಂಚೆ ಕಾರ್ಡು ಕೊಟ್ಟು, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಪ್ಲೇಗು ಬಂತೆಂದೇ ಅರ್ಥ, ಅವತ್ತೇ ಬರಿ ಎಂದು ಹೇಳಿದರು.

ಎಂಟು ದಿನ ಕಳೆದಿರಬೇಕು. ಬೆಳಿಗ್ಗೆ ನಾನು ರಾಗಿ ಬೀಸುತ್ತಿದ್ದೆ. ಅಟ್ಟದ ಮೇಲಿನಿಂದ ಇಲಿಯೊಂದು ಬೀಸುವ ಕಲ್ಲಿನ ಪಕ್ಕಕ್ಕೆ ಬಿತ್ತು. ಎದ್ದು, ಕುಡಿದವನ ಹಾಗೆ ಅತ್ತಿತ್ತ ತೂಗಾಡಿ, ನನ್ನ ಕಾಲ ಹತ್ತಿರವೇ ಬಂದು ಮಗ್ಗುಲಾಯಿತು. ಮೂತಿಯ ಹತ್ತಿರ ಒಂದು ಹನಿ ರಕ್ತ. ನಾನು ಕೂಗುವ ಮೊದಲೇ ಅತ್ತೆ ಬಂದರು. ಮುತ್ತುಗದ ಎಲೆಯ ಮೇಲೆ ಇಕ್ಕಳದಿಂದ ಅದನ್ನೆತ್ತಿ, ಸೆರಗು ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿ ತಿಪ್ಪೆಯಲ್ಲಿ ಹೂತು ಬಂದರು. ಕೈತೊಳೆದುಕೊಂಡು, "ಬೆಕ್ಕು ಕಚ್ಚಿದ್ದು ಕಣಮ್ಮಿ" ಎಂದರು. ಬೆಕ್ಕಿನ ಹಲ್ಲಿನ ಗುರುತು ಅದರ ಮೈಮೇಲೆ ಎಲ್ಲೂ ಇರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಇಲಿ ಬಿದ್ದ ಮನೆಯೆಂದು ತಿಳಿದರೆ ಪಟೇಲರು ವರದಿ ಕೊಡಬೇಕು, ಮನೆ ಖಾಲಿ ಮಾಡಬೇಕು, ಹೆಂಚು ಇಳಿಸಬೇಕು. ಅದಕ್ಕಿಂತ ಹೆಚ್ಚಾಗಿ, ಎಂಟು ದಿನದ ಹಿಂದೆ ಆ ಮನೆಗೆ ಯಾರು ಬಂದು ಹೋದರೆಂದು ಊರು ಲೆಕ್ಕ ಹಾಕುತ್ತದೆ.

ಮಧ್ಯಾಹ್ನ ನಾನು ಕಾರ್ಡು ಬರೆಯಲು ಕೂತೆ. ಅತ್ತೆ ಬಂದು ಎದುರಿಗೆ ಕಾಲು ನೀಡಿ ಕೂತರು. ಬರೆದು ಮುಗಿಸುವವರೆಗೂ ನನ್ನ ಕೈಯನ್ನೇ ನೋಡುತ್ತಿದ್ದು, ಆಮೇಲೆ ಕೇಳಿದರು.

"ಏನು ಬರ್ದೆ? ಓದು ಒಸಿ."

ನಾನು ಕಾರ್ಡನ್ನು ಕಣ್ಣ ಮುಂದೆ ಹಿಡಿದು, ಇಲ್ಲಿ ಎಲ್ಲರೂ ಕ್ಷೇಮ, ರಾಗಿ ಚೆನ್ನಾಗಿ ಬಂದಿದೆ, ಅವ್ವನಿಗೆ ಶರಣು ಎಂದು ಓದಿದೆ. ಕಾರ್ಡಿನಲ್ಲಿ ಇದ್ದದ್ದು, ಮನೆಯಲ್ಲಿ ಇಲಿ ಬಿತ್ತು, ಅತ್ತೆ ಬಚ್ಚಿಟ್ಟರು, ಬೇಗ ಬನ್ನಿ ಎಂದು. ಅತ್ತೆ ಕೈಚಾಚಿ ಕಾರ್ಡು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇಷ್ಟು ಸಾಲಿಗೆ ಇಷ್ಟೇ ಮಾತೇ ಎಂದು ಕೇಳಿದರು. ಹೌದೆಂದೆ. ಅಂಚೆಯವನಿಗೆ ನಾನೇ ಕೊಡುತ್ತೇನೆ ಎಂದು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ಹೋದರು. ಕಾರ್ಡು ಒಲೆಗೆ ಹೋಯಿತೆಂದೇ ನಾನು ತಿಳಿದೆ. ಇನ್ನೊಂದು ಬರೆಯಲು ಧೈರ್ಯವಾಗಲಿಲ್ಲ.

ನಾಲ್ಕನೆಯ ದಿನ ಎದುರುಮನೆಯ ಸೊಸೆಗೆ ಜ್ವರ ಬಂತು. ಬಾಣಂತಿ ಜ್ವರವೆಂದರು. ಅವಳಿಗೆ ಹೆರಿಗೆಯಾಗಿ ಐದು ತಿಂಗಳಾಗಿತ್ತು. ಎರಡು ದಿನಕ್ಕೆ ಸತ್ತಳು. ಹೆಣಕ್ಕೆ ನೀರು ಹಾಕಲು ಹೋದ ಹೆಂಗಸರು ಹೊರಗೆ ಬಂದು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತೊಡೆಯ ಸಂದಿನಲ್ಲಿ ನಿಂಬೆಹಣ್ಣಿನಷ್ಟು ಗೆಡ್ಡೆ ಇತ್ತೆಂದು ನನಗೆ ಗೊತ್ತಾಗಿದ್ದು ಆಮೇಲೆ. ಅದಾದ ಮೇಲೆ ಇನ್ನೂ ಎರಡು ಮನೆಯಲ್ಲಿ ಇಲಿ ಬಿದ್ದವು. ಆಗ ಮುಚ್ಚಿಡಲು ಏನೂ ಉಳಿಯಲಿಲ್ಲ. ಊರಿನವರೆಲ್ಲ ಪಾತ್ರೆ, ಹಾಸಿಗೆ, ದನ ಕರು ಸಮೇತ ಹೊಲಗಳಿಗೆ ಹೊರಟೆವು. ಜೋಳದ ದಂಟು, ತೆಂಗಿನ ಗರಿ ಹೊದಿಸಿ ಗುಡಿಸಲು ಹಾಕಿಕೊಂಡೆವು. ಗುಡಿಸಲಿಗೂ ಗುಡಿಸಲಿಗೂ ಎಷ್ಟು ದೂರವಿರಬೇಕು ಎಂಬುದಕ್ಕೆ ಜಗಳವಾಯಿತು. ನಮ್ಮ ಗುಡಿಸಲಿನ ಹತ್ತಿರ ಯಾರೂ ಹಾಕಿಕೊಳ್ಳಲಿಲ್ಲ. ಮೈಲಿಯವರು ಪೆಟ್ಟಿಗೆಯಲ್ಲಿ ಪ್ಲೇಗು ತಂದು ಮಗಳ ಮನೆಯ ಕೊಟ್ಟಿಗೆಯಲ್ಲಿ ಬಿಟ್ಟು ಹೋದರು ಎಂಬುದು ಆಗಲೇ ಊರಿಗೆಲ್ಲ ನಿಶ್ಚಯವಾಗಿತ್ತು.

ಅಪ್ಪ ಬಂದದ್ದು ನಾವು ಗುಡಿಸಲು ಸೇರಿದ ಮೂರನೆಯ ದಿನ. ಗಾಡಿಯಲ್ಲಿ ಅವರ ಜೊತೆ ತಾಲ್ಲೂಕಿನ ಅಮಲ್ದಾರರ ಕಚೇರಿಯ ಜವಾನ ಒಬ್ಬನಿದ್ದ. ಅತ್ತೆ ಗುಡಿಸಲಿನ ಮುಂದೆ ನಿಂತು ಅವರನ್ನು ಮಾತಾಡಿಸಿದರು.

"ಕಾಗ್ದ ಸಿಕ್ತಾ ಬೀಗ್ರೆ?"

"ಸಿಕ್ತು ತಾಯಿ. ಅದಕ್ಕೇ ಬಂದೆ."

ಅತ್ತೆ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು, ಅಂಚೆಗೆ ಕೊಡುವ ಮೊದಲು ಶಾನುಭೋಗರ ಹತ್ತಿರ ಓದಿಸಿದೆ ಎಂದು. ನನ್ನ ಸುಳ್ಳು ಅವರಿಗೆ ಅವತ್ತೇ ಗೊತ್ತಾಗಿತ್ತು. ಗೊತ್ತಾಗಿಯೂ ಕಾರ್ಡು ಕಳಿಸಿದ್ದರು. ಅಷ್ಟು ದಿನ ನನ್ನ ಜೊತೆ ಒಂದೇ ಒಲೆಯ ಮುಂದೆ ಕೂತು ಅದರ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಯಾಕೆ ಕಳಿಸಿದಿರಿ ಎಂದು ನಾನು ಆಗ ಕೇಳಲಿಲ್ಲ. ಆಮೇಲೆ ಕೇಳಿದಾಗ, ಇಲಿ ಹೂತ ಕೈ ಎರಡು ದಿನ ನಡುಗಿತು ಎಂದಷ್ಟೇ ಹೇಳಿದರು.

ಅಪ್ಪ ಹೊಲದಂಚಿನ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕೂತರು. ಸ್ಪಿರಿಟ್ ದೀಪ, ಪಿಚಕಾರಿಯಂಥ ಸೂಜಿ, ನೀರು ಕಾಯಿಸುವ ತಪ್ಪಲೆ, ಹುಲ್ಲಿನ ನಡುವೆ ಜೋಡಿಸಿದ ಸೀಸೆಗಳ ಪೆಟ್ಟಿಗೆ. ಆ ದಿನವೂ ಮರುದಿನದ ಬೆಳಿಗ್ಗೆಯೂ ಒಬ್ಬರೂ ಬರಲಿಲ್ಲ. ಜನ ದೂರದಲ್ಲಿ ಗುಂಪಾಗಿ ನಿಂತು ನೋಡುತ್ತಿದ್ದರು, ಅಪ್ಪ ಎದ್ದು ಎರಡು ಹೆಜ್ಜೆ ಮುಂದೆ ಬಂದರೆ ಗುಂಪು ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಕೊನೆಗೆ ಅವರು ನನ್ನನ್ನು ಕರೆದು, ಎಲ್ಲರ ಮುಂದೆ ನಿನಗೇ ಮೊದಲು ಹಾಕುತ್ತೇನೆ, ಆಗ ನಂಬುತ್ತಾರೆ ಎಂದರು.

ನಾನು ಅವರ ಮಗಳು. ಆದರೂ ಆ ಹೊತ್ತಿಗೆ ನನಗೂ ಅನುಮಾನ ಹತ್ತಿತ್ತು. ಬನ್ನೂರಿನ ಮಾತುಗಳಲ್ಲಿ, ಬಾವಿಯ ಹತ್ತಿರ ಕೇಳಿದ್ದ ಆ ಉತ್ತರದ ಊರಿನ ಮಾತು ನನ್ನ ತಲೆಯಿಂದ ಹೋಗಿರಲಿಲ್ಲ. ನಾನು ಮೆಲ್ಲಗೆ ಕೇಳಿದೆ.

"ಅಪ್ಪ, ನೀವು ಹಾಕಿಸ್ಕೊಂಡಿದೀರಾ?"

ಅವರು ಹೌದೆಂದರು. ಹೌದೆನ್ನುವ ಮೊದಲು ತಪ್ಪಲೆಯ ಕಡೆ ಒಮ್ಮೆ ನೋಡಿದರು. ನನಗೆ ಅಷ್ಟೇ ಸಾಕಾಯಿತು. ಮೈಲಿಯ ಹಾಗೆ ಇದಕ್ಕೆ ತೋಳಿನ ಮೇಲೆ ಕಲೆ ಉಳಿಯುವುದಿಲ್ಲ, ನೋಡಿ ತಿಳಿಯುವಂತಿಲ್ಲ. ನಾನು ತೋಳು ಮುಂದೆ ಮಾಡಲಿಲ್ಲ.

ಅಷ್ಟರಲ್ಲಿ ಗುಂಪಿನಿಂದ ಪಟೇಲರ ತಮ್ಮ ಕೂಗಿದ. ಮಗಳಿಗೆ ಒಂದು ನೀರು, ನಮಗೊಂದು ನೀರು ಅಂತ ಗೊತ್ತಿಲ್ಲವೇ, ಅವಳಿಗೆ ಬರೀ ಉಪ್ಪು ನೀರು ಹಾಕಿ ತೋರಿಸಿದರೆ ನಾವು ನಂಬಬೇಕೇ ಎಂದ. ಗುಂಪು ಹೌದು ಹೌದೆಂದಿತು. ಆಗ ಅತ್ತೆ ಗುಂಪನ್ನು ದಾಟಿ ಮೇಜಿನ ಹತ್ತಿರ ಬಂದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದರು.

"ಅದ್ರೊಳ್ಗೆ ಏನು ಆಕವ್ರೆ, ಯೋಳಿ ಬೀಗ್ರೆ."

ಪ್ಲೇಗಿನ ವಿಷವನ್ನೇ ಬೆಳೆಸಿ, ಕಾಯಿಸಿ ಸಾಯಿಸಿ ಮಾಡಿದ ನೀರು ಎಂದು ಅಪ್ಪ ಹೇಳಿದರು. ಸತ್ತ ವಿಷ ಮೈಯೊಳಗೆ ಹೋದರೆ ಮೈ ಅದನ್ನು ಗುರುತು ಹಿಡಿದುಕೊಳ್ಳುತ್ತದೆ, ಆಮೇಲೆ ಜೀವಂತ ವಿಷ ಬಂದರೆ ಎದುರು ನಿಲ್ಲುತ್ತದೆ ಎಂದರು. ಗುಂಪಿನಲ್ಲಿ ಗುಜುಗುಜು ಎದ್ದಿತು. ಪ್ಲೇಗನ್ನೇ ಚುಚ್ಚುತ್ತಾರಂತೆ ಎಂದು ಒಬ್ಬಳು ಅಳುವುದಕ್ಕೆ ಶುರುಮಾಡಿದಳು. ಅತ್ತೆ ಕದಲಲಿಲ್ಲ. ವಿಷ ಬೆಳೆಸಿದ್ದು ಯಾವುದರಲ್ಲಿ ಎಂದು ಮತ್ತೆ ಕೇಳಿದರು. ಅದು ನನಗೆ ಗೊತ್ತಿಲ್ಲ ಎಂದರು ಅಪ್ಪ. ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಮಾಂಸದ ರಸದಲ್ಲಿ ಬೆಳೆಸುತ್ತಾರೆಂದು ವರ್ಷಗಳ ಮೇಲೆ ನಾನು ಕೇಳಿದೆ. ದಿನಾ ಲಿಂಗಪೂಜೆ ಮಾಡುವ ಜನರ ಮುಂದೆ ಅವತ್ತು ಆ ಮಾತು ಬಂದಿದ್ದರೆ ಗಾಡಿ ತಿರುಗಿಸಬೇಕಾಗುತ್ತಿತ್ತು.

ಆಗ ಅತ್ತೆ, ಮೂರು ವರ್ಷದಲ್ಲಿ ನಮ್ಮ ಮನೆಯಲ್ಲಿ ಯಾರೂ ಎತ್ತದಿದ್ದ ಮಾತನ್ನು ಎತ್ತಿದರು.

"ನನ್ ಮಗಳಿಗೂ ನಿಮ್ಮಂಗೇ ಒಬ್ರು ಬಂದು ಗೀರಿದ್ರು. ಮೂರು ವರ್ಸದ ಕೂಸು. ತೋಳು ಊದ್ಕತು, ಕೀವಾಯ್ತು. ಎಂಟ್ನೇ ದಿನಕ್ಕೆ ಮಣ್ಣು ಮಾಡ್ದೋ."

ನನಗೆ ಒಬ್ಬ ನಾದಿನಿ ಇದ್ದಳೆಂಬುದೇ ಗೊತ್ತಿರಲಿಲ್ಲ. ಅಪ್ಪ ಎದ್ದು ನಿಂತರು. ಯಾವ ತೋಳು, ಎಷ್ಟು ಕಡೆ ಗೀರಿದರು, ಊತ ಬಂದದ್ದು ಯಾವ ದಿನ ಎಂದು ಒಂದೊಂದಾಗಿ ಕೇಳಿದರು. ಅತ್ತೆ ನಿನ್ನೆ ನಡೆದದ್ದರ ಹಾಗೆ ಉತ್ತರ ಕೊಟ್ಟರು. ಗೀರುವ ಮುಂಚೆ ಚೂರಿಯನ್ನು ಬೆಂಕಿಗೆ ಹಿಡಿದಿದ್ದರೇ ಎಂದು ಕೊನೆಗೆ ಕೇಳಿದರು. ಇಲ್ಲ, ಹಿಂದಿನ ಮಗುವಿಗೆ ಗೀರಿ ಪಂಚೆಯ ತುದಿಯಲ್ಲಿ ಒರೆಸಿಕೊಂಡರು ಎಂದರು ಅತ್ತೆ. ಅಪ್ಪ ಅತ್ತೆಯ ಕಡೆಗೇ ನೋಡಿ ಹೇಳಿದರು.

"ಹಾಗಾದ್ರೆ ಅದು ನಮ್ಮಿಂದಲೇ ಆಗಿರಬಹುದು ತಾಯಿ. ಚೂರಿಯಿಂದಲೇ ಆಗಿರಬಹುದು."

ಜವಾನ ಗಾಬರಿಯಾಗಿ ಅಪ್ಪನ ತೋಳು ಮುಟ್ಟಿದ. ಸರ್ಕಾರದ ಮನುಷ್ಯನ ಬಾಯಲ್ಲಿ ಇಂಥ ಮಾತು ಆ ಗುಂಪಿನಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಅಳಲಿಲ್ಲ. ಅವರ ಮುಖದಲ್ಲಿ ಅನುಮಾನ ಕಡಿಮೆಯಾದದ್ದೂ ನನಗೆ ಕಾಣಲಿಲ್ಲ. ಪೆಟ್ಟಿಗೆ ತೋರಿಸಿ, ಯಾವ ಸೀಸೆ ಎಂದು ನಾನು ಹೇಳುತ್ತೇನೆ, ಅದನ್ನೇ ಹಾಕಬೇಕು ಎಂದರು. ಅಪ್ಪ ಒಪ್ಪಿದರು.

ಅತ್ತೆ ಒಂದೊಂದೇ ಸೀಸೆಯನ್ನು ತೆಗೆದು ಬಿಸಿಲಿಗೆ ಹಿಡಿದರು. ಒಳಗಿನ ನೀರು ಗಂಜಿಯ ತಿಳಿಯ ಹಾಗಿತ್ತು, ತಳದಲ್ಲಿ ಬೆಳ್ಳಗೆ ಗಸಿ. ಅಲ್ಲಾಡಿಸಿದರೆ ಕಲಕಿಕೊಳ್ಳುತ್ತಿತ್ತು. ಎಲ್ಲವೂ ಒಂದೇ ಥರ ಇದ್ದವು. ಒಂದು ಸೀಸೆಯ ಹತ್ತಿರ ಅವರ ಕೈ ನಿಂತಿತು. ಅದರ ಬಿರಡೆಯ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಪಕ್ಕದ ಸೀಸೆಯ ಬಿರಡೆ ಮುಟ್ಟಿದರು. ಮತ್ತೆ ಮೊದಲಿನದ್ದನ್ನು ಮುಟ್ಟಿದರು.

"ಇದು ಬ್ಯಾಡ. ಬಿರ್ಡೆ ಮೇಲೆದ್ದದೆ. ಉಪ್ಪಿನ್ಕಾಯಿ ಕೆಟ್ರೆ ಜಾಡಿ ಮುಚ್ಚಳ ಇಂಗೇ ಎತ್ತದು."

ದಾರಿಯಲ್ಲಿ ಗಾಡಿ ಕುಲುಕಿ ಸಡಿಲವಾಗಿರಬೇಕು ಎಂದ ಜವಾನ. ಅಪ್ಪ ಸೀಸೆ ತೆಗೆದುಕೊಂಡು ಬಿರಡೆ ಎಳೆದರು. ಒಳ್ಳೆಯ ಸೀಸೆ ತೆಗೆದರೆ ಆಸ್ಪತ್ರೆಯ ಕಾರ್ಬಾಲಿಕ್ ವಾಸನೆ ಬರುತ್ತದೆ. ಇದರಿಂದ ಬಂದದ್ದು ಕೊಳೆತ ವಾಸನೆ. ಎರಡು ಮಾರು ದೂರದಲ್ಲಿದ್ದ ನನಗೂ ಬಡಿಯಿತು. ಅಪ್ಪ ಪ್ರತಿ ಬೆಳಿಗ್ಗೆ ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು, ಬಿರಡೆಯ ಮೇಲೆ ಬೆರಳಾಡಿಸಿ ನೋಡಿರಲಿಲ್ಲ. ಗುದ್ದಲಿ ತರಿಸಿ, ಮೊಣಕಾಲುದ್ದ ಗುಂಡಿ ತೋಡಿಸಿ, ಆ ನೀರನ್ನು ಸುರಿದು, ಮೇಲೆ ಸುಣ್ಣ ಹಾಕಿ ಮುಚ್ಚಿಸಿದರು.

ಇದನ್ನು ನೋಡಿ ಗುಂಪು ಎರಡಾಯಿತು. ಒಂದು ಕೆಟ್ಟಿದ್ದರೆ ಎಲ್ಲವೂ ಕೆಟ್ಟಿರುತ್ತವೆ ಎಂದು ಅರ್ಧ ಜನ ಹೊರಟುಹೋದರು. ಉಳಿದವರು ಮೊದಲ ಸಲ ಮೇಜಿನ ಹತ್ತಿರಕ್ಕೆ ಬಂದರು. ಅತ್ತೆ ಇನ್ನೊಂದು ಸೀಸೆ ಆರಿಸಿ ಕೊಟ್ಟರು. ಅಪ್ಪ ಅದನ್ನು ತೆಗೆದು ಮೂಸಿ, ಅತ್ತೆಗೂ ಮೂಸಲು ಕೊಟ್ಟು, ನನ್ನನ್ನು ಕರೆದರು. ನಾನು ಹೆದರಿಕೊಂಡೇ ಹೋದೆ. ಅವರು ನನ್ನ ತೋಳು ಹಿಡಿಯಲಿಲ್ಲ. ತಮ್ಮ ಅಂಗಿಯ ತೋಳು ಮೇಲೆತ್ತಿ, ಕಾಯಿಸಿ ಆರಿಸಿದ ಸೂಜಿಯನ್ನು ನನ್ನ ಕೈಗೆ ಕೊಟ್ಟರು.

"ನನಗೆ ಮೊದಲು ಹಾಕು. ಇಲ್ಲಿ. ಓರೆಯಾಗಿ ಹಿಡಿ, ಹೆದರಬೇಡ."

ಚಿಕ್ಕಂದಿನಲ್ಲಿ ಅವರ ಚೂರಿ ತೊಳೆದುಕೊಟ್ಟವಳು ನಾನು, ಯಾರ ಮೈಗೂ ಏನನ್ನೂ ಚುಚ್ಚಿದವಳಲ್ಲ. ಸೂಜಿ ಚರ್ಮದೊಳಗೆ ಹೋಗುವಾಗ ಸಣ್ಣದಾಗಿ ತಡೆದು ಆಮೇಲೆ ಸರಕ್ಕನೆ ಇಳಿದದ್ದು ಇಂದಿಗೂ ನನ್ನ ಬೆರಳಿಗೆ ನೆನಪಿದೆ. ಅಪ್ಪ ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಅವರು ನನಗೆ ಹಾಕಿದರು, ಅದೇ ಸೀಸೆಯಿಂದ. ಆಮೇಲೆ ಎದುರುಮನೆಯ ಆ ಸತ್ತ ಹೆಣ್ಣಿನ ಗಂಡ ಬಂದು ತೋಳು ಕೊಟ್ಟ. ಅವನ ಹಿಂದೆ ಒಬ್ಬೊಬ್ಬರಾಗಿ ಬಂದರು. ಹೆಂಗಸರು ಗಂಡಸಿನ ಮುಂದೆ ತೋಳು ಬಿಚ್ಚಲು ಒಪ್ಪದೆ, ಅವರಿಗೆಲ್ಲ ಸೀರೆ ಮರೆ ಕಟ್ಟಿ ನಾನೇ ಹಾಕಿದೆ. ನನ್ನ ಗಂಡ ಗುಂಪಿನ ಕೊನೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದವರು, ಎಲ್ಲ ಮುಗಿಯುವ ಹೊತ್ತಿಗೆ ಬಂದು ತೋಳು ಚಾಚಿ ಅಪ್ಪನ ಮುಂದೆ ಕೂತರು. ಅತ್ತೆ ಮಾತ್ರ ಹಾಕಿಸಿಕೊಳ್ಳಲಿಲ್ಲ. ಎಂಟು ದಿನ ಕಳೆಯಲಿ ಎಂದರು.

ಸಂಜೆಯ ಹೊತ್ತಿಗೆ ಅಪ್ಪನಿಗೆ ಜ್ವರ ಏರಿತು. ನಮ್ಮ ಗುಡಿಸಲಿನಲ್ಲಿ ಮಲಗಿದ್ದರು. ನನಗೂ ಮೈ ಕಾಯುತ್ತಿತ್ತು, ತೋಳು ಎತ್ತಲಾಗುತ್ತಿರಲಿಲ್ಲ. ನೀರು ಕುಡಿಸಲು ಹೋದಾಗ ಅವರು ನನ್ನ ಕೈ ಹಿಡಿದುಕೊಂಡು, ಬೆಳಿಗ್ಗೆ ನಿನಗೆ ಹೇಳಿದ್ದು ಸುಳ್ಳು ಎಂದರು. ಎರಡು ತಿಂಗಳಿನಿಂದ ಊರೂರಿಗೆ ಸೂಜಿ ಹಾಕುತ್ತಿದ್ದವರು ತಾವು ಹಾಕಿಸಿಕೊಂಡಿರಲಿಲ್ಲ. ಉತ್ತರದ ಆ ಊರಿನ ಸುದ್ದಿ ಅವರಿಗೆ ಬನ್ನೂರಿನ ಸಂತೆಗಿಂತ ಮೊದಲೇ ತಲುಪಿತ್ತು. ಜನರಿಗೆ ಒಳ್ಳೆಯದೆಂದು ನಂಬಿಯೇ ಹಾಕುತ್ತಿದ್ದೆ, ನನ್ನ ತೋಳಿನ ಹತ್ತಿರ ಬಂದಾಗ ಕೈ ಬರಲಿಲ್ಲ ಎಂದರು. ನನಗೆ ಸಿಟ್ಟು ಬಂತು. ನನ್ನ ತೋಳಿಗೆ ಹಾಕಲು ಕೈ ಬರುತ್ತಿತ್ತಲ್ಲ ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ಜ್ವರ ಬಂದ ಮನುಷ್ಯನಿಗೆ ಏನು ಹೇಳುವುದು.

ಬೆಳಗಾಗುವಷ್ಟರಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ಬಹಳ ಜನಕ್ಕೆ ಜ್ವರ ಬಂದಿತ್ತು. ಹಾಗೆ ಬರುತ್ತದೆಂದು ಅಪ್ಪ ಎಲ್ಲರಿಗೂ ಮೊದಲೇ ಹೇಳಿದ್ದರು. ಹೇಳಿದ್ದು ಯಾರಿಗೂ ನೆನಪಿರಲಿಲ್ಲ. ಪಟೇಲರ ತಮ್ಮ ಹತ್ತಾರು ಜನರನ್ನು ಕಟ್ಟಿಕೊಂಡು ನಮ್ಮ ಗುಡಿಸಲಿನ ಮುಂದೆ ಬಂದ, ಪ್ಲೇಗು ಹತ್ತಿಸಿದವನನ್ನು ಹೊರಗೆ ಕಳಿಸು ಎಂದ. ಕೆಲವರ ಕೈಯಲ್ಲಿ ದೊಣ್ಣೆ ಇದ್ದವು. ಅತ್ತೆ ಬಾಗಿಲಿಗೆ ಅಡ್ಡವಾಗಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಅವ್ರೂ ಮಲ್ಗವ್ರೆ, ನನ್ ಸೊಸೆನೂ ಮಲ್ಗವ್ಳೆ, ನನ್ ಮಗನೂ ಮಲ್ಗವ್ನೆ. ಒಬ್ಬೊಬ್ರಾಗಿ ಒಳಿಕ್ಕೋಗಿ ಬಗ್ಲು ಮುಟ್ಟಿ ನೋಡ್ಕಳಿ. ಗೆಡ್ಡೆ ಇದ್ರೆ ನಾನೇ ಆಚ್ಗೆ ಎಳ್ದಾಕ್ತೀನಿ."

ಜ್ವರದ ಮನುಷ್ಯರು ಮೂವರಿದ್ದ ಗುಡಿಸಲಿನೊಳಗೆ ಕಾಲಿಡಲು ಯಾರಿಗೂ ಧೈರ್ಯವಿರಲಿಲ್ಲ. ಸ್ವಲ್ಪ ಹೊತ್ತು ನಿಂತು ಬೈದು ಹೋದರು. ಅತ್ತೆ ಅವತ್ತೆಲ್ಲ ಬಾಗಿಲು ಬಿಟ್ಟು ಏಳಲಿಲ್ಲ. ಆದರೆ ಅವರು ಒಳಗೆ ಬಂದು ನಮ್ಮ ಮೂವರ ಬಗಲನ್ನೂ ತಾವೇ ಮುಟ್ಟಿ ನೋಡಿದ್ದು ಅದಕ್ಕೂ ಮುಂಚೆ, ಬೆಳಕು ಹರಿಯುವಾಗ. ನಾನು ನಿದ್ದೆ ಬಂದವಳ ಹಾಗೆ ಮಲಗಿದ್ದೆ.

ಮೂರನೆಯ ದಿನಕ್ಕೆ ಎಲ್ಲರ ಜ್ವರ ಇಳಿಯಿತು. ಅಪ್ಪ ಮೂಗೂರಿನ ಕಡೆಯ ಹಳ್ಳಿಗಳಿಗೆ ಹೋದರು. ನಮ್ಮೂರಿನಲ್ಲಿ ಪ್ಲೇಗು ಒಂದು ತಿಂಗಳು ಇತ್ತು. ಸೂಜಿ ಬೇಡವೆಂದು ಹೊರಟುಹೋಗಿದ್ದವರ ಗುಡಿಸಲುಗಳಲ್ಲಿ ಸಾವಿನ ಮೇಲೆ ಸಾವಾಯಿತು. ಪಟೇಲರ ತಮ್ಮನ ಹೆಂಡತಿಯೂ ಹೋದಳು. ಹಾಕಿಸಿಕೊಂಡವರಲ್ಲಿ ಒಬ್ಬನೇ ಸತ್ತ, ಎದುರುಮನೆಯವನು, ಊರವರಲ್ಲಿ ಮೊದಲು ತೋಳು ಕೊಟ್ಟವನು. ವಿಷ ಅವನ ಮೈಯಲ್ಲಿ ಮೊದಲೇ ಇತ್ತೆಂದು ಅಪ್ಪ ಹೇಳಿದರು. ಇದ್ದಿರಬಹುದು. ಊರಿನಲ್ಲಿ ಅದನ್ನು ಕೆಲವರು ನಂಬಿದರು, ಕೆಲವರು ನಂಬಲಿಲ್ಲ.

ಒಂಬತ್ತನೆಯ ದಿನ ಅತ್ತೆ ಗಾಡಿ ಕಟ್ಟಿಸಿಕೊಂಡು ನರಸೀಪುರಕ್ಕೆ ಹೋದರು. ನಾನೂ ಜೊತೆಗಿದ್ದೆ. ಅಪ್ಪ ಅಲ್ಲಿ ದಾರಿಹೋಕರು ಇಳಿಯುವ ಮುಸಾಫರಖಾನೆಯ ಜಗಲಿಯ ಮೇಲೆ ಕೆಲಸ ಮಾಡುತ್ತಿದ್ದರು. ಅತ್ತೆ ಮೂರು ಸೀಸೆಯ ಬಿರಡೆ ಮುಟ್ಟಿ ನೋಡಿ, ಸೂಜಿಯನ್ನು ತಮ್ಮ ಎದುರಿಗೇ ಇನ್ನೊಮ್ಮೆ ಕಾಯಿಸಲು ಹೇಳಿ, ತೋಳು ಕೊಟ್ಟರು. ಅಪ್ಪನ ಕೈಯಿಂದ ಬೇಡ, ನಿನ್ನ ಕೈಯಿಂದ ಎಂದರು ನನಗೆ. ಅಲ್ಲಿ ಕಾದು ಕೂತಿದ್ದ ಹೆಂಗಸರು ಇದನ್ನೆಲ್ಲ ನೋಡಿ, ತಾವೂ ಬಿರಡೆ ಮುಟ್ಟಿ ನೋಡುತ್ತೇವೆಂದು ಹಟ ಹಿಡಿದರು. ಅಪ್ಪನ ಅವತ್ತಿನ ಕೆಲಸ ಎರಡರಷ್ಟು ಹೊತ್ತು ತೆಗೆದುಕೊಂಡಿತು. ಕೆಟ್ಟ ಸೀಸೆಯ ವಿಷಯ ಅವರು ಇದ್ದದ್ದು ಇದ್ದ ಹಾಗೆ ಮೇಲಿನವರಿಗೆ ಬರೆದಿದ್ದರು. ದಾರಿಯಲ್ಲಿ ಒಡೆಯಿತೆಂದು ಬರೆದಿದ್ದರೆ ಸಾಕಾಗಿತ್ತು ಎಂದು ಯಾರೋ ಸಾಹೇಬರು ಖಾಸಗಿಯಾಗಿ ಹೇಳಿಕಳಿಸಿದರಂತೆ.

ಊರಿನಲ್ಲಿ ಇನ್ನೊಂದು ಮಾತು ಬೆಳೆಯುತ್ತಿತ್ತು. ಅಮಲ್ದಾರರ ಜವಾನ ಗಾಡಿಯಲ್ಲಿ ಬಂದದ್ದು ಹೇಗೆ, ಊರಿನ ಗುಟ್ಟನ್ನು ಕಚೇರಿಗೆ ಮುಟ್ಟಿಸಿದವರು ಯಾರು ಎಂದು. ಅನುಮಾನ ಊರ ಚಾಕರಿ ಮಾಡುವ ತೋಟಿಯ ಮೇಲೆ ಹೋಯಿತು. ಪಟೇಲರ ಟಪಾಲು ಹಿಡಿದು ನರಸೀಪುರದ ಕಚೇರಿಗೆ ನಡೆಯುವವನು ಅವನೇ ಆದ್ದರಿಂದ ಯಾರಿಗೂ ಸಾಕ್ಷಿ ಬೇಕಾಗಲಿಲ್ಲ. ಕಣದಲ್ಲಿ ಅವನಿಗೆ ಪ್ರತಿ ವರ್ಷ ಕೊಡುವ ರಾಗಿಯನ್ನು ಆ ಸಲ ಬಹಳ ಮನೆಯವರು ಕೊಡಲಿಲ್ಲ. ಊರಿನಲ್ಲಿ ಕಾರ್ಡಿನ ವಿಷಯ ಗೊತ್ತಿದ್ದವರು ಮೂವರು, ನಾನು, ಅತ್ತೆ, ಶಾನುಭೋಗರು. ಶಾನುಭೋಗರಿಗೆ ತಾವೇ ಯಾಕೆ ವರದಿ ಕೊಡಲಿಲ್ಲವೆಂಬ ಪ್ರಶ್ನೆ ಬರುವ ಭಯ. ನಮಗೆ ಊರಿನ ಭಯ. ನಮ್ಮ ಮನೆಯಿಂದ ಅವನಿಗೆ ಎರಡು ಪಾಲು ರಾಗಿ ಹೋಯಿತು. ಅವನು ಅದನ್ನು ತೆಗೆದುಕೊಳ್ಳುತ್ತಾ ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದ. ಯಾಕೆ ಎರಡು ಪಾಲು ಎಂದು ಕೇಳಲಿಲ್ಲ. ನಾವು ಬಾಯಿ ಬಿಡಲಿಲ್ಲ. ಇಷ್ಟು ವರ್ಷದ ಮೇಲೆ ಬರೆಯುವಾಗಲೂ ನನಗೆ ಇದು ನಾಚಿಕೆಯ ಸಂಗತಿ.

ಮಾಘ ಕಳೆದ ಮೇಲೆ ಊರಿಗೆ ಮರಳಬಹುದೆಂದು ಹೇಳಿಕೆ ಬಂತು. ನಮ್ಮ ಮನೆಯ ಹೆಂಚು ಇಳಿಸಿ ಬಿಸಿಲು ಬಿಟ್ಟಿದ್ದರು, ಗೋಡೆಗೆ ಸುಣ್ಣ ಬಳಿದಿದ್ದರು, ನೆಲ ಅಗೆದು ಹೊಸ ಮಣ್ಣು ಹಾಕಿದ್ದರು. ನಾನೂ ಅತ್ತೆಯೂ ಬೆಳಿಗ್ಗೆಯೇ ಬಂದು ಜಗಲಿಯ ಮೇಲೆ ಕೂತೆವು. ಒಳಗೆ ಹೋಗಿ ಒಲೆ ಹಚ್ಚಬೇಕಿತ್ತು. ನೀನು ಮೊದಲು ಹೋಗು ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಬಿಸಿಲು ಅಂಗಳದ ಅರ್ಧಕ್ಕೆ ಬಂದ ಮೇಲೆ ಅತ್ತೆ ಎದ್ದು, ಸೌದೆಯ ಕೋಲೊಂದನ್ನು ಹಿಡಿದು ಒಳಗೆ ಹೋದರು. ವಾಡೆಗಳ ಹಿಂದೆ, ಬೀಸುವ ಕಲ್ಲಿನ ಸಂದಿಯಲ್ಲಿ, ಮೂಲೆ ಮೂಲೆಯಲ್ಲಿ ಕೋಲಿನಿಂದ ತಟ್ಟುತ್ತಾ ಹೋಗುವ ಸದ್ದು ನನಗೆ ಹೊರಗೆ ಕೇಳುತ್ತಿತ್ತು. ಅದು ನಿಂತ ಮೇಲೆ ನನ್ನನ್ನು ಕರೆದರು. ನಾನು ಬಿಂದಿಗೆ ಎತ್ತಿಕೊಂಡು ಒಳಗೆ ಹೋದೆ.